12.7 ಮಿ.ಮೀ. ಎಲ್ಲಿಂದ ಬಂತು?

ಪುಟ ವಿನ್ಯಾಸದ ಯಾವುದೇ ಸಾಫ್ಟ್‌ವೇರ್ ತೆಗೆದು ಹೊಸ ಡಾಕ್ಯುಮೆಂಟ್ ಬೇಕು ಅಂದರೆ ಮೊದಲು ಒಂದು ಪುಟ್ಟ ಕಿಟಕಿ ಎದುರಾಗುತ್ತೆ. ಪುಟದ ಅಗಲ ಎಷ್ಟು, ಎತ್ತರ ಎಷ್ಟು, ಸುತ್ತ ಮಾರ್ಜಿನ್ ಎಷ್ಟು, ಎದುರುಬದುರು ಪುಟಗಳು ಬೇಕಾ, ಕಾಲಮ್ಮುಗಳ ನಡುವೆ ಜಾಗ ಎಷ್ಟು... ನಮ್ಮಲ್ಲಿ ಹೆಚ್ಚಿನವರು ಇದನ್ನು ಓದುವುದೇ ಇಲ್ಲ. ಓಕೆ ಒತ್ತಿ ಮುಂದೆ ಹೋಗ್ತೀವಿ, ಇನ್‌ಸ್ಟಾಲ್ ಮಾಡುವಾಗ 'ಐ ಅಗ್ರೀ' ಒತ್ತಿದ ಹಾಗೆ :)

ಆದರೆ ಆ ಕಿಟಕಿಯಲ್ಲಿ ಕೆಲವು ವಿಚಿತ್ರ ಅಂಕಿಗಳಿವೆ. ಇನ್‌ಡಿಸೈನ್‌ನಲ್ಲಿ ಎ4 ಪುಟ ಆರಿಸಿ, ಅಳತೆಯನ್ನು ಮಿಲಿಮೀಟರಿಗೆ ಇಟ್ಟು ನೋಡಿ. ಮಾರ್ಜಿನ್ 12.7 ಅಂತ ತಾನಾಗೇ ಬಂದು ಕೂತಿರುತ್ತೆ. ಕಾಲಮ್ಮುಗಳ ನಡುವಿನ ಜಾಗ 4.233. ಯಾರಾದರೂ ಸ್ಕೇಲು ಹಿಡಿದು ಕೂತು "ಅಂಚಿಗೆ 12.7 ಮಿಲಿಮೀಟರ್ ಬಿಡೋಣ" ಅಂತಾರಾ? ಹತ್ತು ಅನ್ನಬಹುದು, ಹದಿನೈದು ಅನ್ನಬಹುದು. ಹನ್ನೆರಡೂ ಮುಕ್ಕಾಲಿಗೆ ಹತ್ತಿರದ ಈ ಅಂಕಿ ಎಲ್ಲಿಂದ ಬಂತು?

ಉತ್ತರ ಸರಳ. ಅದು ವೇಷ ಹಾಕಿಕೊಂಡ ಅರ್ಧ ಇಂಚು. 25.4ರ ಅರ್ಧ. ವರ್ಡ್‌ನಲ್ಲಿ ನಾವೆಲ್ಲ ನೋಡಿರುವ 2.54 ಸೆಂ.ಮೀ. ಕೂಡ ಹಾಗೇ, ವೇಷ ಹಾಕಿದ ಒಂದು ಇಂಚು. ಇನ್ನು 4.233 ಅನ್ನುವುದು ಒಂದು ಪೈಕಾ, ಅಂದರೆ 12 ಪಾಯಿಂಟ್, ಅಂದರೆ ಇಂಚಿನ ಆರನೇ ಒಂದು ಭಾಗ. ಮೆಟ್ರಿಕ್ ಅಂಗಿ ತೊಟ್ಟಿದ್ದರೂ ಒಳಗಿರುವ ಆಸಾಮಿ ಅಚ್ಚಿನಮನೆಯವನೇ.

ನಾನು ಈ ಕಿಟಕಿಯ ಹಿಂದೆ ಬಿದ್ದಿದ್ದಕ್ಕೆ ಕಾರಣ ನಮ್ಮ ದೊಡ್ಡಪ್ಪ. ಬನಶಂಕರಿಯಲ್ಲಿದ್ದಾರೆ, ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು. 2003ರಲ್ಲಿ ತಮ್ಮ ಊರಿನ ನೆನಪುಗಳನ್ನು ಬರೆದು ಸ್ವಂತ ಖರ್ಚಿನಲ್ಲಿ ಒಂದು ಪುಸ್ತಕ ಮಾಡಿಸಿದ್ದರು. ಈಗ ಎರಡನೇ ಭಾಗ ಬರೆದಿದ್ದಾರೆ. ಎರಡನ್ನೂ ಸೇರಿಸಿ ಒಂದೇ ಪುಸ್ತಕ ಮಾಡಬೇಕು ಅನ್ನುವುದು ಅವರ ಆಸೆ. "ನೀನು ಕಂಪ್ಯೂಟರ್ ಓದಿದೋನಲ್ವೇನೋ, ಮಾಡ್ಕೊಡು" ಅಂದರು. ಕಂಪ್ಯೂಟರ್ ಸೈನ್ಸ್ ಓದಿದವನಿಗೆ ಪ್ರಿಂಟರ್ ರಿಪೇರಿಯಿಂದ ಹಿಡಿದು ಪುಟ ವಿನ್ಯಾಸದವರೆಗೆ ಎಲ್ಲ ಗೊತ್ತಿರಬೇಕು ತಾನೇ? ಜೆ.ಪಿ. ನಗರದ ನನ್ನ ರೂಮಿನಲ್ಲಿ ರಾತ್ರಿ ಹೊತ್ತು ಕೂತು ಕೆಲಸ ಶುರುಮಾಡಿದೆ. ಒಂದೊಂದು ಅಂಕಿ ಕೆದಕಿದಾಗಲೂ ಒಂದೊಂದು ಕತೆ ಹೊರಬಂತು. ಅದನ್ನೇ ನಿಮ್ಮ ಜೊತೆ ಹಂಚಿಕೊಳ್ತಾ ಇದ್ದೀನಿ.

ಮೊದಲು ಈ ಪಾಯಿಂಟಿನ ಕತೆ. ಅಚ್ಚಿನ ಮೊಳೆಗಳನ್ನು ಎರಕ ಹೊಯ್ಯುತ್ತಿದ್ದ ಕಾಲದಲ್ಲಿ ಒಬ್ಬೊಬ್ಬರದು ಒಂದೊಂದು ಅಳತೆ. ಒಂದು ಕಂಪನಿಯ ಮೊಳೆ ಇನ್ನೊಂದು ಕಂಪನಿಯ ಮೊಳೆಯ ಪಕ್ಕ ಕೂರುತ್ತಿರಲಿಲ್ಲ. ಅಮೆರಿಕದ ಮೊಳೆ ತಯಾರಕರು 1886ರಲ್ಲಿ ಸೇರಿ ಒಂದು ಅಳತೆಗೆ ಒಪ್ಪಿದರು. ಅದರ ಪ್ರಕಾರ ಒಂದು ಪಾಯಿಂಟ್ ಅಂದರೆ ಇಂಚಿನ ಸುಮಾರು 72.27ನೇ ಒಂದು ಭಾಗ. ಇಂಚಿಗೆ 72 ಪೂರ್ತಿ ಬರುತ್ತಿರಲಿಲ್ಲ, ಒಂದು ಚೂರು ಹೆಚ್ಚು. ಸುಮಾರು ನೂರು ವರ್ಷ ಜಗತ್ತಿನ ಬಹುಪಾಲು ಇಂಗ್ಲಿಷ್ ಮುದ್ರಣ ಆ ಚೂರನ್ನು ಹೊತ್ತುಕೊಂಡೇ ನಡೆಯಿತು.

ಆ ಚೂರನ್ನು ಕತ್ತರಿಸಿದವರು ನಮ್ಮ ಜಾತಿಯವರೇ, ಅಂದರೆ ಪ್ರೋಗ್ರಾಮರ್‌ಗಳು :) ಜಾನ್ ವಾರ್ನಾಕ್ ಮತ್ತು ಚಾರ್ಲ್ಸ್ ಗೆಶ್ಕಿ 1982ರಲ್ಲಿ ಅಡೋಬಿ ಕಂಪನಿ ಕಟ್ಟಿದರು. 1984ರಲ್ಲಿ ಪೋಸ್ಟ್‌ಸ್ಕ್ರಿಪ್ಟ್ ಅನ್ನುವ ಪುಟ ವಿವರಣೆಯ ಭಾಷೆ ಬಂತು. ಅದರಲ್ಲಿ ಇಂಚಿಗೆ ಸರಿಯಾಗಿ 72 ಪಾಯಿಂಟ್ ಅಂತ ಇಟ್ಟರು. ಲೆಕ್ಕ ಸಲೀಸು. ಅದೇ ವರ್ಷ ಬಂದ ಮ್ಯಾಕಿಂತೋಷ್‌ನ ಪರದೆಯಲ್ಲೂ ಇಂಚಿಗೆ 72 ಚುಕ್ಕಿಗಳಿದ್ದವು. ಇವತ್ತು ನಾವು ಆರಿಸುವ 12 ಪಾಯಿಂಟ್, ಲೆಟರ್‌ಪ್ರೆಸ್ಸಿನ ಮೊಳೆ ಜೋಡಿಸುತ್ತಿದ್ದವರ 12 ಪಾಯಿಂಟ್ ಅಲ್ಲ. ಕೂದಲೆಳೆಯಷ್ಟು ದೊಡ್ಡದು.

ಈಗ ಪುಟದ ಗಾತ್ರಕ್ಕೆ ಬರೋಣ. ದೊಡ್ಡಪ್ಪನ ಹಳೇ ಪುಸ್ತಕದ ಮೊದಲ ಹಾಳೆ ತಿರುಗಿಸಿದರೆ, ನಮ್ಮ ಎಲ್ಲ ಕನ್ನಡ ಪುಸ್ತಕಗಳ ಹಾಗೆ, ವಿವರಗಳ ಪುಟವಿದೆ. ಪುಟಗಳು ಇಷ್ಟು, ಪ್ರತಿಗಳು ಇಷ್ಟು, ಬಳಸಿದ ಕಾಗದ 70 ಜಿ.ಎಸ್.ಎಂ. ಮ್ಯಾಪ್‌ಲಿಥೋ, ಆಕಾರ ಡೆಮಿ 1/8, ಅಕ್ಷರ ಜೋಡಣೆ ಇಂಥವರು. ಗಮನಿಸಿದ್ದೀರಾ? ಕನ್ನಡ ಪುಸ್ತಕ ತನ್ನ ಡಾಕ್ಯುಮೆಂಟ್ ಸೆಟ್ಟಿಂಗನ್ನು ತಾನೇ ಓದುಗನಿಗೆ ಹೇಳಿಬಿಡುತ್ತೆ! ಸಾಮಾನ್ಯ ಇಂಗ್ಲಿಷ್ ಕಾದಂಬರಿಗಳಲ್ಲಿ ನನಗೆ ಈ ಅಭ್ಯಾಸ ಕಂಡಿಲ್ಲ.

ಡೆಮಿ 1/8 ಅಂತ ಸಾಫ್ಟ್‌ವೇರಿನ ಪಟ್ಟಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಲೆಟರ್, ಲೀಗಲ್, ಟ್ಯಾಬ್ಲಾಯ್ಡ್, ಎ4, ಎ5 ಎಲ್ಲ ಇರುತ್ತವೆ. ಡೆಮಿ ಬೇಕಾದರೆ ಅದು 5.5 × 8.5 ಇಂಚು ಅಂತ ನಮಗೇ ಗೊತ್ತಿರಬೇಕು. ಕನ್ನಡದಲ್ಲಿ ಅತಿ ಹೆಚ್ಚು ಕಾಣುವ ಪುಸ್ತಕದ ಗಾತ್ರ ತನ್ನ ಹೆಸರಿನಲ್ಲಿ ಪಟ್ಟಿಯಲ್ಲಿಲ್ಲ.

ಆ ಗಾತ್ರದ ಹಿಂದೆ ಒಂದು ಮಡಿಕೆಯ ಲೆಕ್ಕ ಇದೆ. ಡೆಮಿ, ಕ್ರೌನ್, ಫೂಲ್ಸ್‌ಕ್ಯಾಪ್ ಎಲ್ಲ ಬ್ರಿಟಿಷರ ಕಾಗದದ ಹೆಸರುಗಳು. ಕ್ರೌನ್ ಹಾಳೆಯಲ್ಲಿ ಕಿರೀಟದ ನೀರುಗುರುತು ಇರುತ್ತಿತ್ತು, ಫೂಲ್ಸ್‌ಕ್ಯಾಪಿನಲ್ಲಿ ವಿದೂಷಕನ ಟೋಪಿ. ನಮ್ಮ ಕಾಗದದ ಮಾರುಕಟ್ಟೆಯಲ್ಲಿ ಡೆಮಿ ಅಂದರೆ 18 × 23 ಇಂಚಿನ ಹಾಳೆ, ಡಬಲ್ ಡೆಮಿ 23 × 36. ಡೆಮಿ ಹಾಳೆಯನ್ನು ಮೂರು ಸಲ ಮಡಿಸಿ. 18ನ್ನು ಎರಡಾಗಿ ಮಾಡಿದರೆ 9, 23ನ್ನು ನಾಲ್ಕಾಗಿ ಮಾಡಿದರೆ 5.75. ಎಂಟು ಎಲೆ, ಹದಿನಾರು ಪುಟ. ಬೈಂಡಿಂಗ್ ಆದಮೇಲೆ ಅಂಚು ಕಟಿಂಗ್ ಮಾಡಿದರೆ 5.5 × 8.5 ಉಳಿಯುತ್ತೆ. ಅದಕ್ಕೇ 1/8. ಆ ಹದಿನಾರು ಪುಟಕ್ಕೆ ಪ್ರೆಸ್ಸಿನವರು 'ಒಂದು ಫಾರಂ' ಅಂತಾರೆ. "ಎಷ್ಟು ಫಾರಂ ಆಗುತ್ತೆ?" ಅನ್ನುವುದೇ ಅವರ ಮೊದಲ ಪ್ರಶ್ನೆ. ಪುಸ್ತಕದ ಹೆಸರು, ಲೇಖಕನ ಹೆಸರು ಎಲ್ಲ ಆಮೇಲೆ.

ಹಾಳೆಯನ್ನು ಎಂಟಾಗಿ ಮಡಿಸಿ ಕೈಯಲ್ಲಿ ಹಿಡಿಯುವಂಥ ಪುಸ್ತಕ ಮಾಡುವ ಪದ್ಧತಿಯನ್ನು ಜನಪ್ರಿಯಗೊಳಿಸಿದವನು ವೆನಿಸ್ ನಗರದ ಮುದ್ರಕ ಆಲ್ಡಸ್ ಮನುಶಿಯಸ್. 1501ರಲ್ಲಿ ವರ್ಜಿಲ್ ಕವಿಯ ಕೃತಿಗಳನ್ನು ಈ ಆಕಾರದಲ್ಲಿ ಅಚ್ಚು ಹಾಕಿದ. ಅದಕ್ಕೆ ಮೊದಲು ಅಂಥ ಗ್ರಂಥಗಳು ಹೆಚ್ಚಾಗಿ ಮೇಜಿನ ಮೇಲಿಟ್ಟು ಓದುವಷ್ಟು ದೊಡ್ಡವು. ಮುಂದೆ 1985ರಲ್ಲಿ ಪಾಲ್ ಬ್ರೇನರ್ಡ್ ಅನ್ನುವ ಅಮೆರಿಕದ ಉದ್ಯಮಿಯ ಕಂಪನಿ ಪೇಜ್‌ಮೇಕರ್ ಹೊರತಂದಿತು. 'ಡೆಸ್ಕ್‌ಟಾಪ್ ಪಬ್ಲಿಷಿಂಗ್' ಅಂದರೆ ನಮ್ಮ ಡಿಟಿಪಿ ಅನ್ನುವ ಮಾತು ಚಾಲ್ತಿಗೆ ಬಂದಿದ್ದು ಅವನಿಂದಲೇ. ಅವನು ತನ್ನ ಕಂಪನಿಗೆ ಇಟ್ಟ ಹೆಸರು ಆಲ್ಡಸ್! ಅಲ್ಲಿಗೆ ಐನೂರು ವರ್ಷದ ಒಂದು ಸುತ್ತು ಪೂರ್ತಿಯಾಯಿತು. ಆಲ್ಡಸ್‌ನ ಮಡಿಕೆ, ಬ್ರಿಟಿಷರ ಹಾಳೆ, ಆಲ್ಡಸ್ ಹೆಸರಿನ ಕಂಪನಿಯ ಸಾಫ್ಟ್‌ವೇರ್... ಈ ಮೂರೂ ಸೇರಿ ನಮ್ಮ ದೊಡ್ಡಪ್ಪನ ಪುಸ್ತಕ.

"ಇನ್ನೂ ಯಾಕೆ ಇಂಚು? ದೇಶ ಮೆಟ್ರಿಕ್ ಆಗಿ ಎಷ್ಟು ಕಾಲ ಆಯ್ತು?" ಅಂತ ಕೇಳಬಹುದು. ತೂಕ ಮತ್ತು ಅಳತೆಗಳ ಕಾಯ್ದೆ ಬಂದಿದ್ದು 1956ರಲ್ಲಿ. ನಿಜ. ಆದರೆ ಜಯನಗರದಲ್ಲೋ ಬನಶಂಕರಿಯಲ್ಲೋ ನಿಂತು ಒಬ್ಬರನ್ನು ಕೇಳಿ, ಸೈಟು ಎಷ್ಟು ಅಂತ. "ಥರ್ಟಿ ಫಾರ್ಟಿ" ಅಂತಾರೆ, "ಫಾರ್ಟಿ ಸಿಕ್ಸ್ಟಿ" ಅಂತಾರೆ. ಚದರ ಮೀಟರಿನಲ್ಲಿ ಹೇಳಿದವರನ್ನು ನಾನಂತೂ ನೋಡಿಲ್ಲ. ಬಡಾವಣೆಯ ನಕ್ಷೆ ಒಮ್ಮೆ ಅಡಿಗಳಲ್ಲಿ ಬಿದ್ದುಬಿಟ್ಟರೆ ಬದುಕೂ ಅಡಿಗಳಲ್ಲೇ ನಡೆಯುತ್ತೆ. ಪ್ರೆಸ್ಸಿನ ಕತೆಯೂ ಅದೇ. ಯಂತ್ರದ ಅಗಲ ಇಂಚಿನಲ್ಲಿ, ಕಾಗದದ ರೀಮು ಇಂಚಿನಲ್ಲಿ, ಕಟಿಂಗ್ ಮಾಡುವವನ ಕಣ್ಣಳತೆಯೂ ಇಂಚಿನಲ್ಲಿ.

ಹಾಗೆ ನೋಡಿದರೆ ಪುಟದ ಗಾತ್ರ ಅಂದರೆ ಸೈಟು, ಮಾರ್ಜಿನ್ ಅಂದರೆ ಸೆಟ್‌ಬ್ಯಾಕ್. ಗಾಳಿ ಬೆಳಕಿಗೆ ಸುತ್ತ ಇಷ್ಟು ಬಿಡಿ ಅಂತ ನಿಯಮ ಇರುತ್ತೆ. ಬಿಡದೆ ಕಟ್ಟಿದರೆ ಏನಾಗುತ್ತೆ ಅಂತ ನಮ್ಮ ಬೀದಿ ನೋಡಿದರೆ ಸಾಕು, ಪಕ್ಕದ ಮನೆಯ ಒಗ್ಗರಣೆಗೆ ನಮ್ಮನೆಯಲ್ಲಿ ಸೀನು ಬರುತ್ತೆ :) ಪುಸ್ತಕದಲ್ಲೂ ಬೆನ್ನಿನ ಕಡೆ ಜಾಗ ಬಿಡದೆ ಹೋದರೆ ಅಕ್ಷರಗಳು ಬೈಂಡಿಂಗಿನ ಹೊಟ್ಟೆಯೊಳಗೆ ಸೇರಿಕೊಳ್ಳುತ್ತವೆ. ನಮ್ಮ ಎಂಜಿನಿಯರಿಂಗ್ ಪ್ರಾಜೆಕ್ಟ್ ರಿಪೋರ್ಟಿಗೆ ಎಡಗಡೆ ಮಾತ್ರ ಹೆಚ್ಚು ಅಂಚು ಕೇಳುತ್ತಿದ್ದದ್ದು ನೆನಪಿದೆಯಾ? ಅದೂ ಇದಕ್ಕೇ.

ಇದಕ್ಕೆಲ್ಲ ಪ್ರತಿಯಾಗಿ ಪೂರ್ತಿ ಲೆಕ್ಕದಿಂದಲೇ ಹುಟ್ಟಿದ್ದು ಎ4. 1922ರಲ್ಲಿ ಜರ್ಮನಿಯಲ್ಲಿ ವಾಲ್ಟರ್ ಪೋರ್ಸ್ಟ್‌ಮನ್ ಅವರ ಕೆಲಸದಿಂದ ಈ ಅಳತೆ ಜಾರಿಗೆ ಬಂತು, 1975ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಎ0 ಹಾಳೆ ಒಂದು ಚದರ ಮೀಟರ್. ಉದ್ದ ಅಗಲದ ಅನುಪಾತ ಎರಡರ ವರ್ಗಮೂಲ. ಹಾಗಾಗಿ ಅರ್ಧಕ್ಕೆ ಮಡಿಸಿದರೂ ಆಕಾರ ಬದಲಾಗುವುದಿಲ್ಲ. ನಾಲ್ಕು ಸಲ ಮಡಿಸಿದರೆ 210 × 297, ನಮ್ಮ ಎ4. ಅಷ್ಟು ಚೆಂದದ ಗಣಿತ ಇದ್ದರೂ ನಮ್ಮ ಸುಪ್ರೀಂ ಕೋರ್ಟು ಉದ್ದದ ಲೀಗಲ್ ಹಾಳೆ ಬಿಟ್ಟು ಎ4ಗೆ ಬಂದಿದ್ದು 2020ರ ಏಪ್ರಿಲ್ 1ರಿಂದ. ಆ ಸುತ್ತೋಲೆಯಲ್ಲಿ ಹಾಳೆಯ ಎರಡೂ ಬದಿ ಮುದ್ರಣ, ಟೈಮ್ಸ್ ನ್ಯೂ ರೋಮನ್ 14, ಒಂದೂವರೆ ಸಾಲಿನ ಅಂತರ, ಎಡ ಬಲಕ್ಕೆ 4 ಸೆಂ.ಮೀ. ಮಾರ್ಜಿನ್ ಅಂತ ಎಲ್ಲವನ್ನೂ ಹೇಳಿದ್ದಾರೆ. ಡಾಕ್ಯುಮೆಂಟ್ ಸೆಟಪ್ಪಿಗೂ ಸರ್ವೋಚ್ಚ ನ್ಯಾಯಾಲಯದ ಅಪ್ಪಣೆ!

ಇಷ್ಟು ಹೊತ್ತು ಹೇಳಿದ್ದು ಕಿಟಕಿಯಲ್ಲಿ ಕಾಣುವ ಅಂಕಿಗಳು. ಕನ್ನಡಕ್ಕೆ ಅದಕ್ಕಿಂತ ಮುಖ್ಯವಾದ ಅಂಕಿಯೊಂದು ಆ ಕಿಟಕಿಯಲ್ಲಿ ಕಾಣುವುದೇ ಇಲ್ಲ. ಅದು ಸಾಲುಗಳ ನಡುವಿನ ಅಂತರ, ಲೀಡಿಂಗ್. ಲೆಡ್ ಅಂದರೆ ಸೀಸ. ಮೊಳೆ ಜೋಡಿಸುವಾಗ ಸಾಲಿಗೂ ಸಾಲಿಗೂ ನಡುವೆ ಸೀಸದ ತೆಳು ಪಟ್ಟಿ ಇಡುತ್ತಿದ್ದರು, ಅದೇ ಹೆಸರು ಉಳಿಯಿತು. ಪೇಜ್‌ಮೇಕರಿನಲ್ಲೂ ಇನ್‌ಡಿಸೈನಿನಲ್ಲೂ ನಾವು ಏನೂ ಹೇಳದಿದ್ದರೆ ಅದು ಅಕ್ಷರದ ಗಾತ್ರದ ಶೇ. 120. ಅಂದರೆ 12 ಪಾಯಿಂಟಿನ ಅಕ್ಷರಕ್ಕೆ 14.4.

ಇಂಗ್ಲಿಷಿಗೆ ಅದು ಸರಿ. ಅಲ್ಲಿ ಕೆಳಗಿಳಿಯುವುದು ಜಿ, ಪಿ, ವೈಗಳಂಥ ಬಾಲಗಳು ಮಾತ್ರ. ನಮ್ಮಲ್ಲಿ? 'ರಾಷ್ಟ್ರ' ಅಂತ ಬರೆದು ನೋಡಿ. ಷಕಾರದ ಕೆಳಗೆ ಟಕಾರ, ಅದರ ಜೊತೆಗೆ ರಕಾರ. ಕೆಳಗಿನ ಸಾಲಿನಲ್ಲಿ ಅದೇ ಜಾಗಕ್ಕೆ ಗುಡಿಸು ಹೊತ್ತ 'ಧಿ'ಯೋ 'ಕಿ'ಯೋ ಬಂದರೆ ಮೇಲಿನವರ ಕಾಲು ಕೆಳಗಿನವರ ತಲೆಗೆ ತಾಗುತ್ತೆ, ಬೆಳಗಿನ ಬಿಎಂಟಿಸಿ ಬಸ್ಸಿನ ಹಾಗೆ.

ಇದು ಹೊಸ ಕಷ್ಟ ಅಲ್ಲ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಸೆರಾಂಪುರದಲ್ಲಿ ಅಚ್ಚಾದ ದಿನದಿಂದಲೂ, 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಪ್ರೆಸ್ ಶುರುವಾದ ಮೇಲೂ, ಕನ್ನಡ ಅಚ್ಚು ಹಾಕಿದವರೆಲ್ಲ ಈ ಒತ್ತಕ್ಷರಕ್ಕೆ ಎಲ್ಲಿ ಜಾಗ ಮಾಡಿಕೊಡುವುದು ಅಂತ ಒದ್ದಾಡಲೇಬೇಕಿತ್ತು. ಕನ್ನಡದ ಸಾಲಿಗೆ ತಲೆಯೂ ಇದೆ, ಕಾಲೂ ಇದೆ. ಎರಡಕ್ಕೂ ಜಾಗ ಬೇಕು.

ಜಯನಗರದ ಒಂದು ಹಳೇ ಡಿಟಿಪಿ ಅಂಗಡಿಗೆ ದೊಡ್ಡಪ್ಪನ ಪುಸ್ತಕ ತೆಗೆದುಕೊಂಡು ಹೋಗಿದ್ದೆ. ಲಗ್ನಪತ್ರಿಕೆ, ಬಿಲ್ ಬುಕ್, ಪ್ರಾಜೆಕ್ಟ್ ರಿಪೋರ್ಟ್ ಎಲ್ಲ ಮಾಡಿಕೊಡುವ ಅಂಗಡಿ. ಆಪರೇಟರ್ ಮಧ್ಯವಯಸ್ಸು ದಾಟಿದವರು. ಪುಸ್ತಕ ಬಿಡಿಸಿ, ಹೆಬ್ಬೆರಳಿನಿಂದ ಪುಟ ಸವರಿ, ಒಂದು ಸ್ಕೇಲು ಇಟ್ಟರು. "ನುಡಿ ಫಾಂಟು. ಹನ್ನೆರಡರ ಮೇಲೆ ಹದಿನಾರು. ಒಳಗಡೆ ಮುಕ್ಕಾಲು ಇಂಚು, ಹೊರಗಡೆ ಅರ್ಧಕ್ಕಿಂತ ಚೂರು ಜಾಸ್ತಿ" ಅಂದರು. ಅದು ಅವರು ಮಾಡಿದ ಪುಸ್ತಕವೂ ಅಲ್ಲ! ಆಟೋ ಲೀಡಿಂಗ್ ಯಾಕೆ ಬಳಸಲ್ಲ ಅಂತ ಕೇಳಿದೆ. "ಅದು ಇಂಗ್ಲಿಷ್‌ನೋರಿಗೆ ಸಾರ್. ನಮ್ಮಕ್ಷರಕ್ಕೆ ಕಾಲಿದೆ. ಕಾಲಿಡೋಕೆ ಜಾಗ ಬೇಡ್ವಾ?"

ಮನೆಗೆ ಬಂದು ಲೆಕ್ಕ ಹಾಕಿದೆ. ಡೆಮಿ ಪುಟದ ಎತ್ತರ 8.5 ಇಂಚು. ಮೇಲೆ ಕೆಳಗೆ ಮುಕ್ಕಾಲು ಇಂಚು ಬಿಟ್ಟರೆ ಉಳಿಯುವುದು 7 ಇಂಚು, 504 ಪಾಯಿಂಟ್. 14.4ರ ಲೆಕ್ಕದಲ್ಲಿ ಪುಟಕ್ಕೆ 35 ಸಾಲು. 16ರ ಲೆಕ್ಕದಲ್ಲಿ 31. ಇನ್ನೂರು ಪುಟದ ಪುಸ್ತಕ 226 ಪುಟ ಆಗುತ್ತೆ. ಹನ್ನೆರಡೂವರೆ ಫಾರಂ ಇದ್ದದ್ದು ಹದಿನಾಲ್ಕು ದಾಟುತ್ತೆ. ಸ್ವಂತ ಪಿಂಚಣಿಯಲ್ಲಿ ಪುಸ್ತಕ ಮಾಡಿಸುವ ಮೇಷ್ಟ್ರಿಗೆ ಅದು ಸಣ್ಣ ಮೊತ್ತ ಅಲ್ಲ. ಆದರೂ ದೊಡ್ಡಪ್ಪ "ಸಾಲು ಸ್ವಲ್ಪ ಬಿಡುವಾಗೇ ಇರಲಿ ಕಣೋ, ಓದೋರೆಲ್ಲ ನನ್ನ ವಯಸ್ಸಿನೋರೇ" ಅಂದರು. ಅವರ ದುಡ್ಡು ಕಾಲಿಟ್ಟಿದ್ದು ಒತ್ತಕ್ಷರದ ಕಾಲಿಗೆ.

ಇನ್ನೊಂದು ವಿಷಯ. ಆ ಕಾಲದ ಪೇಜ್‌ಮೇಕರಿಗೆ ತಾನು ಕನ್ನಡ ಜೋಡಿಸುತ್ತಿದ್ದೇನೆ ಅಂತ ಗೊತ್ತೇ ಇರಲಿಲ್ಲ. 1998ರಲ್ಲಿ ಬಂದ ಶೇಷಾದ್ರಿವಾಸು ಅವರ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ, ಪುಣೆಯ ಶ್ರೀಲಿಪಿ, ಇವುಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲೇ ಕನ್ನಡದ ಚೂರುಗಳನ್ನು ಕೂರಿಸಿದ್ದವು. ಸಾಫ್ಟ್‌ವೇರಿನ ಪಾಲಿಗೆ ಅದು ಅರ್ಥವಿಲ್ಲದ ಇಂಗ್ಲಿಷ್. ಹಾಗಾಗಿ ಹೈಫನೇಷನ್ ಆರಿಸದೇ ಬಿಟ್ಟರೆ ಇಂಗ್ಲಿಷ್ ಪದಕೋಶದ ಪ್ರಕಾರ ಕನ್ನಡ ಪದವನ್ನು ಎಲ್ಲೆಂದರಲ್ಲಿ ಮುರಿಯುತ್ತಿತ್ತು. ಅದನ್ನು ಆಫ್ ಮಾಡುವುದು ಆಪರೇಟರುಗಳ ಮೊದಲ ಕೆಲಸ.

ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ, 1991ರಲ್ಲೇ, ಕನ್ನಡ ಇತ್ತು. ಆದರೆ ಇನ್‌ಡಿಸೈನ್ ಕನ್ನಡದ ಒತ್ತಕ್ಷರಗಳನ್ನು ಅಧಿಕೃತವಾಗಿ ಬೆಂಬಲಿಸಿದ್ದು 2012ರ ಸಿಎಸ್6ರಲ್ಲಿ. ಅದರಲ್ಲೂ 'ವರ್ಲ್ಡ್ ರೆಡಿ ಕಂಪೋಸರ್' ಅನ್ನುವುದನ್ನು ಹುಡುಕಿ ಆರಿಸಬೇಕಿತ್ತು. ಇಲ್ಲದಿದ್ದರೆ ಒತ್ತುಗಳೆಲ್ಲ ಕಿತ್ತು ಬರುತ್ತಿದ್ದವು. ಉಚಿತವಾಗಿ ಸಿಗುವ ಸ್ಕ್ರೈಬಸ್‌ಗೆ ಆ ಶಕ್ತಿ ಬಂದಿದ್ದು 2017ರ 1.5.3ರಲ್ಲಿ. ಅಂದರೆ ಬ್ಲಾಗುಗಳಲ್ಲಿ ನಾವೆಲ್ಲ ಯೂನಿಕೋಡ್ ಕನ್ನಡ ಬರೆದು ಕುಣಿದಾಡುತ್ತಿದ್ದ ಕಾಲದಲ್ಲೂ ಕನ್ನಡ ಪುಸ್ತಕಗಳು ವೇಷ ಹಾಕಿದ ಇಂಗ್ಲಿಷಿನಲ್ಲೇ ಅಚ್ಚಾಗುತ್ತಿದ್ದವು.

ಆ ವೇಷದ ಬೆಲೆ ಈಗ ಗೊತ್ತಾಗ್ತಾ ಇದೆ. ದೊಡ್ಡಪ್ಪನ ಹತ್ತಿರ 2003ರ ಪುಸ್ತಕದ ಸಿ.ಡಿ. ಇತ್ತು, ಅದರಲ್ಲಿ ಪೇಜ್‌ಮೇಕರ್ ಫೈಲು. ಆಲ್ಡಸ್ ಕಂಪನಿಯನ್ನು ಅಡೋಬಿ 1994ರಲ್ಲೇ ಕೊಂಡಿತ್ತು. 2001ರ 7.0 ಆದಮೇಲೆ ಪೇಜ್‌ಮೇಕರ್ ಮುಂದೆ ಬೆಳೆಯಲಿಲ್ಲ. ಅದರ ಫೈಲುಗಳನ್ನು ಇನ್‌ಡಿಸೈನ್ ತೆರೆಯುತ್ತಿದ್ದದ್ದು ಸಿಎಸ್6ರವರೆಗೆ ಮಾತ್ರ. ಈಗಿನ ಆವೃತ್ತಿಗಳು ಮುಟ್ಟುವುದಿಲ್ಲ. ಅದೇ ಜಯನಗರದ ಅಂಗಡಿಯ ಮೂಲೆಯಲ್ಲಿ ಒಂದು ಎಕ್ಸ್‌ಪಿ ಕಂಪ್ಯೂಟರ್ ಇನ್ನೂ ಉಸಿರಾಡ್ತಾ ಇತ್ತು. ಅದರಲ್ಲಿ ಫೈಲು ತೆರೆದು, ಪಠ್ಯ ಹೊರತೆಗೆದು, ಯೂನಿಕೋಡಿಗೆ ತಿರುಗಿಸಿದ್ದಾಯಿತು. ನಾಲ್ಕು ಸಂಜೆ ಕೂತು ದೊಡ್ಡಪ್ಪನೂ ನಾನೂ ಅರ್ಕಾವತ್ತುಗಳನ್ನು ಹುಡುಕಿ ಹುಡುಕಿ ಸರಿಮಾಡಿದೆವು. ಹಳೇ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ಆಮೇಲೆ ಬರುತ್ತೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. 'ಧರ್ಮ', 'ಕರ್ಮ', 'ಸೂರ್ಯ' ಎಲ್ಲವನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಆ ಅಂಗಡಿ ಮುಂದಿನ ವರ್ಷ ಇರುತ್ತೋ ಇಲ್ಲವೋ ಅವರಿಗೇ ಗೊತ್ತಿಲ್ಲ. ಲಗ್ನಪತ್ರಿಕೆಗಳು ಮೊಬೈಲಿಗೆ ಹೋಗಿವೆ.

ನನಗೆ ಅನಿಸಿದ್ದು ಇಷ್ಟು. ಆ ಪುಟ್ಟ ಕಿಟಕಿಯ ಯಾವ ಅಂಕಿಯೂ ಪ್ರಕೃತಿಯಲ್ಲಿ ಸಿಕ್ಕಿದ್ದಲ್ಲ. ಪ್ರತಿಯೊಂದೂ ಯಾರೋ ಒಬ್ಬರು, ಯಾವುದೋ ಊರಿನಲ್ಲಿ, ತಮ್ಮ ಕಾಗದಕ್ಕೆ ತಮ್ಮ ಲಿಪಿಗೆ ಸರಿಹೊಂದುವಂತೆ ಮಾಡಿದ ತೀರ್ಮಾನ. ಅವರು ಬರೆದಿಟ್ಟರು, ಒಪ್ಪಂದ ಮಾಡಿಕೊಂಡರು, ಕೋಡಿನಲ್ಲಿ ಸೇರಿಸಿದರು, ಉಳಿಯಿತು. ಕನ್ನಡಕ್ಕೂ ಅಂಥ ತೀರ್ಮಾನಗಳಾಗಿವೆ. ಹನ್ನೆರಡರ ಮೇಲೆ ಹದಿನಾರು ಅನ್ನುವುದು ಒಂದು ತೀರ್ಮಾನವೇ. ಆದರೆ ಅದನ್ನು ಮಾಡಿದವರು ನಮ್ಮ ಗಲ್ಲಿಗಳ ಡಿಟಿಪಿ ಆಪರೇಟರುಗಳು, ಅವರಿಗಿಂತ ಮೊದಲು ಮೊಳೆ ಜೋಡಿಸುತ್ತಿದ್ದವರು. ಪುಸ್ತಕದಲ್ಲಿ 'ಅಕ್ಷರ ಜೋಡಣೆ' ಅಂತ ಒಂದು ಸಾಲು ಬಿಟ್ಟರೆ ಅವರ ಹೆಸರು ಎಲ್ಲೂ ಇಲ್ಲ. ಆ ಅಂಕಿಗಳು ಅವರ ಬೆರಳ ತುದಿಯಲ್ಲಿವೆ, ಯಾವ ಸಾಫ್ಟ್‌ವೇರಿನ ಪಟ್ಟಿಯಲ್ಲೂ ಇಲ್ಲ.

ದೊಡ್ಡಪ್ಪನ ಪುಸ್ತಕಕ್ಕೆ ನಾನು ಮಾಡಿಕೊಂಡ ಸೆಟ್ಟಿಂಗನ್ನು 'ಡೆಮಿ ಕನ್ನಡ' ಅಂತ ಹೆಸರಿಟ್ಟು ಉಳಿಸಿದ್ದೇನೆ. ಡೆಮಿ 1/8, 5.5 × 8.5, ಒಳ ಅಂಚು ಮುಕ್ಕಾಲು ಇಂಚು, ಹನ್ನೆರಡರ ಮೇಲೆ ಹದಿನಾರು, ಹೈಫನೇಷನ್ ಆಫ್. ವಿವರಗಳ ಪುಟದಲ್ಲಿ ಕಾಗದದ ಜಿ.ಎಸ್.ಎಂ. ಪಕ್ಕದಲ್ಲೇ ಇದನ್ನೂ ಅಚ್ಚು ಹಾಕಿಸುವುದು ಅಂತ ತೀರ್ಮಾನಿಸಿದ್ದೇವೆ. ನಿಮ್ಮಲ್ಲಿ ಯಾರಿಗಾದರೂ ಅಚ್ಚಿನಮನೆಯ ಹಳಬರು ಪರಿಚಯ ಇದ್ದರೆ ಒಂದು ಸಂಜೆ ಹೋಗಿ ಮಾತಾಡಿಸಿ. ಕ್ರೌನ್ ಪುಸ್ತಕಕ್ಕೆ ಎಷ್ಟು ಅಂಚು ಬಿಡ್ತಿದ್ರಿ, ಪದ್ಯಕ್ಕೆ ಸಾಲು ಎಷ್ಟು ಅಂತರದಲ್ಲಿ ಇಡ್ತಿದ್ರಿ ಅಂತ ಕೇಳಿ, ಬರೆದಿಡಿ. ಸ್ಕೇಲು ತೆಗೆದುಕೊಂಡು ಹೋಗಲು ಮರೆಯಬೇಡಿ, ಇಂಚಿನದ್ದೇ ಇರಲಿ :)